ಐದು ಗಂಟೆಯ ಕೂಸಿನ ಮನೆ

ಹೋದ ಶನಿವಾರ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಯಲಹಂಕ ಹಳೇಪಟ್ಟಣದ ಸಂತೆ ಬೀದಿಯಲ್ಲಿ ನಾನು ಕಾಲು ಕೆ.ಜಿ. ಬಿಡಿ ಸೇವಂತಿಗೆ ಕೊಂಡೆ. ಹೂವು ಒದ್ದೆಯಾಗಿತ್ತು.

"ನೀರು ಚಿಮುಕ್ಸಿದ್ದಲ್ಲ ಕಣಮ್ಮ, ಮಂಜು. ಈಗ ಕಿತ್ಕೊಂಡ್ ಬಂದಿದ್ದು" ಎಂದಳು ಹೂವಿನವಳು, ನಾನು ಕೇಳದೆಯೇ.

ಸೇವಂತಿಗೆಯ ವಾಸನೆಯನ್ನು ಸುವಾಸನೆ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಎಲೆಯ ಕಹಿ ಅದರಲ್ಲಿ ಬೆರೆತಿರುತ್ತದೆ. ಕೈಗೆ ಹತ್ತಿದರೆ ಸೋಪಿಗೂ ಬೇಗ ಹೋಗುವುದಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ ಪ್ರಶ್ನೆ ಹೊರಟಿತು: "ಎಷ್ಟು ಹೊತ್ತಿಗೆ ಕಿತ್ತಿದ್ದು?"

"ಐದು, ಐದೂವರೆ ಇರ್ಬೇಕು."

"ಕಿತ್ತವರ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ?"

ಅವಳು ತಕ್ಕಡಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. "ನಿಮ್ಗೇನ್ ಊವು ಬೇಕಾ, ಮಕ್ಳು ಬೇಕಾ?"

ಪಕ್ಕದ ಸೊಪ್ಪಿನವನು ನಕ್ಕ. ನಾನೂ ನಕ್ಕು ಹೂವು ತೆಗೆದುಕೊಂಡು ಬಂದೆ. ಆದರೆ ಆ ಪ್ರಶ್ನೆ ಕೇಳುವುದನ್ನು ನಾನು ಕಲಿತದ್ದು ಬಹಳ ತಡವಾಗಿ. ಮೂವತ್ತು ವರ್ಷ ಪತ್ರಿಕೆಯಲ್ಲಿ ದುಡಿದು, ಇನ್ನೇನು ನಿವೃತ್ತಿ ಹತ್ತಿರ ಬಂತು ಎನ್ನುವಾಗ ಕಲಿತದ್ದು. ಕಲಿಸಿದವರು ಮುನಿಲಕ್ಷ್ಮಮ್ಮ. ನಿಮಗೆ ಬಿಡುವಿದ್ದರೆ ಅವರ ಸಂಗತಿ ಹೇಳುತ್ತೇನೆ. ಇದರಲ್ಲಿ ನನ್ನ ಪಾತ್ರ ಹೆಮ್ಮೆಯದ್ದೇನಲ್ಲ.

ಎರಡು ವರ್ಷದ ಮೇಲಾಯಿತು. ಆಗ ನಾನು ನಮ್ಮ ಪತ್ರಿಕೆಯ ಯಲಹಂಕ ಕಚೇರಿಯಲ್ಲಿ ವರದಿಗಾರ್ತಿ. ಕಚೇರಿ ಎಂದರೆ ಬೇಕರಿಯ ಮೇಲಿನ ಒಂದು ಕೋಣೆ. ಮಧ್ಯಾಹ್ನ ಮೂರಕ್ಕೆ ಪಫ್ ಬೇಯುವ ವಾಸನೆಯಲ್ಲಿ ಯಾವ ಗಂಭೀರ ಸುದ್ದಿಯೂ ಗಂಭೀರವಾಗಿ ಉಳಿಯುತ್ತಿರಲಿಲ್ಲ. ಕೇಂದ್ರ ಕಚೇರಿಯ ಸಂಪಾದಕರು ಒಂದು ದಿನ ಫೋನ್ ಮಾಡಿ, ನಗರದ ಅಂಚಿನ ಒಂದು ಹಳ್ಳಿಗೆ ಹೋಗಿ ಸರ್ಕಾರದ ಮೂರು ಯೋಜನೆ ಹೇಗೆ ನಡೆದಿವೆ ನೋಡಿ ಬರೆಯಿರಿ ಎಂದರು. ವಸತಿ ಯೋಜನೆಯ ಮನೆಗಳು, ತೋಟಗಾರಿಕೆಯವರ ನೆರವಿನಿಂದ ಕಟ್ಟಿದ ಹೂವಿನ ಸಂಗ್ರಹ ಕೇಂದ್ರ ಮತ್ತು ಕೂಸಿನ ಮನೆ. ಕೂಸಿನ ಮನೆ ನಿಮಗೆ ಗೊತ್ತಿರಬಹುದು. ಹಳ್ಳಿಯಲ್ಲಿ ದುಡಿಯಲು ಹೋಗುವ ತಾಯಂದಿರು ಮೂರು ವರ್ಷದೊಳಗಿನ ಮಕ್ಕಳನ್ನು ಬಿಟ್ಟುಹೋಗಲೆಂದು ಪಂಚಾಯ್ತಿ ನಡೆಸುವ ಜಾಗ.

ರಾಜಾನುಕುಂಟೆಯಲ್ಲಿ ಎಡಕ್ಕೆ ತಿರುಗಿ ಹೆಸರಘಟ್ಟದ ಕಡೆ ಸ್ಕೂಟರಿನಲ್ಲಿ ಹೋದೆ. ಲೇಔಟುಗಳ ಕಮಾನು ಮುಗಿದ ಮೇಲೆ ದ್ರಾಕ್ಷಿ ಚಪ್ಪರ, ಅದು ಮುಗಿದ ಮೇಲೆ ಹಳದಿ ಸೇವಂತಿಗೆ. ಹಳ್ಳಿ ತಲುಪಿದಾಗ ಬೆಳಗ್ಗೆ ಹನ್ನೊಂದು ಗಂಟೆ. ಸಮಯವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅದು ನನ್ನ ಶಿಸ್ತು.

ಹೊಸ ಮನೆಗಳ ಸಾಲು ಊರಿನಿಂದ ಒಂದು ಕಿಲೋಮೀಟರ್ ಆಚೆ, ಗೋಮಾಳದ ಏರಿನಲ್ಲಿತ್ತು. ಎಲ್ಲಾ ಮನೆಗಳೂ ಹೆಂಗಸರ ಹೆಸರಿನಲ್ಲಿ ಮಂಜೂರಾದವು. ಬಾಗಿಲ ಪಕ್ಕದ ಗೋಡೆಯ ಮೇಲೆ 'ಫಲಾನುಭವಿ: ಶ್ರೀಮತಿ' ಎಂದು ಶುರುವಾಗಿ ಹೆಸರು ಬರೆದಿದ್ದರು. ಹೆಸರಿನವರು ಒಳಗೆ ಒಲೆಯ ಮುಂದಿದ್ದರು. ಹೂವಿನ ಕೇಂದ್ರದ ಶಟರ್ ಅರ್ಧ ಇಳಿದಿತ್ತು, ಕ್ರೇಟುಗಳನ್ನು ತೊಳೆದು ಬೋರಲು ಹಾಕಿದ್ದರು. ಹಳೇ ಶಾಲೆಯ ಒಂದು ಕೋಣೆಯಲ್ಲಿದ್ದ ಕೂಸಿನ ಮನೆಗೆ ಬಾತುಕೋಳಿ, ಮಾವಿನಹಣ್ಣು ಎಲ್ಲ ಬಿಡಿಸಿ ಬಣ್ಣ ಹಚ್ಚಿದ್ದರು. ಬಾಗಿಲಿಗೆ ಬೀಗ. ಪಕ್ಕದ ಹಲಗೆಯಲ್ಲಿ 'ಸಮಯ: ಬೆಳಗ್ಗೆ 10 ರಿಂದ ಸಂಜೆ 4'.

ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದ ಒಬ್ಬರನ್ನು ಕೇಳಿದೆ.

"ನಾನ್ ಯಾವಾಗ್ ನೋಡಿದ್ರೂ ಬೀಗಾನೇ ಮೇಡಂ" ಎಂದರು.

ನೀವು ಯಾವಾಗ ನೋಡುತ್ತೀರಿ ಎಂದು ನಾನು ಕೇಳಲಿಲ್ಲ. ಆ ಮಹಾನುಭಾವರು ಏಳುವುದೇ ಒಂಬತ್ತರ ಮೇಲೆ ಎಂಬುದು ಆಮೇಲೆ ತಿಳಿಯಿತು. ಬೀಗದ ಫೋಟೊ ತೆಗೆದೆ. ಹಲಗೆ, ಬೀಗ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಒಂದು ಹೆಜ್ಜೆ ಹಿಂದೆ ಸರಿದು ತೆಗೆದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮರುದಿನ 'ಕೂಸಿನ ಮನೆಗೆ ಬೀಗ' ಎಂದು ಮೂರು ಕಾಲಂ ಸುದ್ದಿ ಬಂತು. ಅದರ ಮರುದಿನವೇ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಅಲ್ಲಿನ ಆರೈಕೆದಾರೆಗೆ ನೋಟಿಸು ಕೊಟ್ಟರು: ಕೆಲಸಕ್ಕೆ ಗೈರು, ಕೇಂದ್ರವನ್ನು ಯಾಕೆ ಮುಚ್ಚಬಾರದು, ವಾರದೊಳಗೆ ಉತ್ತರಿಸಿ. ಇಂಥದ್ದಕ್ಕೆ ನಮ್ಮ ಪತ್ರಿಕೆಗಳಲ್ಲಿ 'ವರದಿ ಫಲಶ್ರುತಿ' ಎಂಬ ಶೀರ್ಷಿಕೆ ಇದೆ. ಅದನ್ನೂ ನಾನೇ ಬರೆದು ಕಳಿಸಿದೆ. ಅಂದು ಬೇಕರಿಯಿಂದ ಎರಡು ಪಫ್ ತರಿಸಿಕೊಂಡ ನೆನಪು.

ಮೂರನೇ ದಿನ ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಬಂದರು. ಐವತ್ತರ ಆಸುಪಾಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು, ಕಂಕುಳಲ್ಲಿ ಹಾಜರಿ ಪುಸ್ತಕ. ಮಂಡಿನೋವಿನವರು ಕೂರುವ ಹಾಗೆ ಕುರ್ಚಿಯ ತುದಿ ಹಿಡಿದು ಮೆಲ್ಲಗೆ ಕೂತರು.

"ಆ ಬೀಗದ್ ಪೋಟೊ ತೆಗ್ದೋರು ನೀವೇನಾ?"

"ಹೌದು."

"ಚೆನ್ನಾಗ್ ಬಂದೈತೆ."

ಜಗಳಕ್ಕೆ ಬಂದವರು ಹೀಗೆ ಶುರು ಮಾಡುವುದು ಅಪರೂಪ. ನಾನು ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟರು.

"ನಾನು ಮುನಿಲಕ್ಷ್ಮಮ್ಮ. ಅಲ್ಲಿ ಮಕ್ಳು ನೋಡ್ಕೊಳ್ಳೋಳು. ನೀವು ಎಷ್ಟೊತ್ಗೆ ಬಂದಿದ್ರಿ?"

"ಹನ್ನೊಂದಕ್ಕೆ."

"ಅಷ್ಟೊತ್ಗೆ ಮಕ್ಳು ಅವರವ್ವದೀರ ತಾವ ಇರ್ತಾವೆ. ನಮ್ದು ಐದ್ ಗಂಟೆಗೆ ಸುರು, ಒಂಬತ್ಗೆ ಮುಗೀತು. ಊವು ಅನ್ನೋದು ಹತ್ ಗಂಟೆಗೆ ಕೀಳೋ ಪದಾರ್ತನಾ, ನೀವೇ ಯೋಳಿ."

ಪುಸ್ತಕ ಬಿಡಿಸಿ ನೋಡಿದೆ. ಪ್ರತಿದಿನವೂ ಹತ್ತರಿಂದ ನಾಲ್ಕು ಎಂದೇ ಇತ್ತು, ಎದುರಿಗೆ ಮಕ್ಕಳ ಹೆಸರು. "ಮತ್ತೆ ಇಲ್ಲಿ ಹತ್ತರಿಂದ ನಾಲ್ಕು ಅಂತ ಇದೆಯಲ್ಲ?"

"ಅದ್ನ ಅಚ್ಚಾಕ್ಸಿ ಕೊಟ್ಟವ್ರೆ. ಐದು ಅಂತ ಬರೆಯಾಕೆ ಕಾಲಮ್ಮೇ ಇಲ್ಲ. ನಾನೇನ್ ಅಚ್ಚಿನ್ ಮ್ಯಾಲೆ ಬರೀಲಾ?" ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಹೇಳಿದರು: "ನೀವು ಸುಳ್ಳು ಬರ್ದಿಲ್ಲ. ಬೀಗ ಇತ್ತು. ಆದ್ರೆ ನಾಳೆ ಐದ್ ಗಂಟೆಗೆ ಒಂದ್ಕಿತ ಬನ್ನಿ. ಆಮೇಲೆ ಮುಚ್ಚಿಸ್ತೀರೋ, ತೆಗುಸ್ತೀರೋ, ನೋಡ್ಕಳವ."

ಹೋದೆ. ನಾಲ್ಕೂಕಾಲಿಗೇ ಮನೆ ಬಿಟ್ಟೆ. ಕಾರ್ತಿಕದ ಚಳಿ, ಸ್ಕೂಟರಿನ ಹಿಡಿಯಲ್ಲಿ ಬೆರಳು ಮರಗಟ್ಟಿತ್ತು. ಹಳ್ಳಿಯಲ್ಲಿ ಬೆಳಕಿದ್ದದ್ದು ಎರಡೇ ಕಡೆ, ಹೂವಿನ ಕೇಂದ್ರದಲ್ಲಿ ಮತ್ತು ಆ ಹಳೇ ಶಾಲೆಯ ಕೋಣೆಯಲ್ಲಿ. ಅಲ್ಲಿ ಒಂದು ಜೀರೊ ಬಲ್ಬು ಮಾತ್ರ. ಟ್ಯೂಬ್‌ಲೈಟ್ ಹಾಕಿದರೆ ಮಕ್ಕಳು ಏಳುತ್ತವೆ ಎಂದು ಮುನಿಲಕ್ಷ್ಮಮ್ಮ ಹಾಕುತ್ತಿರಲಿಲ್ಲ.

ತಾಯಂದಿರು ಒಬ್ಬೊಬ್ಬರಾಗಿ ಬಂದರು. ತಲೆಗೆ ಟಾರ್ಚು ಕಟ್ಟಿಕೊಂಡು, ಮೈಮೇಲೆ ಗಂಡನ ಹಳೇ ಶರಟು, ಹೆಗಲ ಮೇಲೆ ನಿದ್ದೆಯಲ್ಲಿದ್ದ ಕೂಸು. ಕೂಸುಗಳ ಕಿವಿಗೆ ಬಟ್ಟೆ ಸುತ್ತಿತ್ತು. ಪ್ರತಿಯೊಬ್ಬಳೂ ಕೂಸಿನ ಜೊತೆ ತಾನು ಉಟ್ಟು ಬಿಟ್ಟ ಸೀರೆಯೊಂದನ್ನು ಕೊಟ್ಟು ಹೋದಳು. ಒಗೆದದ್ದಲ್ಲ, ಉಟ್ಟು ಬಿಟ್ಟದ್ದೇ ಆಗಬೇಕು. ಮುನಿಲಕ್ಷ್ಮಮ್ಮ ಆಯಾ ಕೂಸನ್ನು ಆಯಾ ಸೀರೆಯಲ್ಲಿ ಸುತ್ತಿ ಮಲಗಿಸಿದರು. ವಾಸನೆ ಬದಲಾದರೆ ಕೂಸು ಕಣ್ಣು ಬಿಡುತ್ತದಂತೆ. ಒಂದು ಕೂಸು ಕಣ್ಣು ಬಿಟ್ಟೂಬಿಟ್ಟಿತು. ನನ್ನನ್ನು ನೋಡಿ, ಯಾರೋ ಅಧಿಕಾರಿ ಎಂದುಕೊಂಡಿತೋ ಏನೋ, ಮತ್ತೆ ಮುಚ್ಚಿತು.

ಹೂವಿನ ಹೊಲದ ಬದುವಿನಲ್ಲಿ ನಾನು ಸವಿತಾ ಎಂಬವಳ ಜೊತೆ ನಿಂತೆ. ಇಪ್ಪತ್ತಾರು, ಇಪ್ಪತ್ತೇಳರ ಹುಡುಗಿ, ಏರಿನ ಮೇಲಿನ ಹೊಸ ಮನೆಗಳಲ್ಲಿ ಒಂದರ ಫಲಾನುಭವಿ. ಮಾತಿನ ನಡುವೆ ಅವಳ ಎರಡೂ ಕೈ ನಿಲ್ಲಲಿಲ್ಲ. ಬಿಸಿಲು ಬಿದ್ದರೆ ಹೂವಿನ ತೂಕ ಇಳಿಯುತ್ತದೆ, ಏಳಕ್ಕೆ ವ್ಯಾನು ಹೊರಡುತ್ತದೆ. ವ್ಯಾನು ಹೋದ ಮೇಲೆ ಕಳೆ, ನೀರು. ಒಂಬತ್ತಕ್ಕೆ ಕೂಸನ್ನು ಕರೆದುಕೊಂಡು ಮನೆಗೆ.

"ಮುಂಚೆ ಮಗುವನ್ನು ಯಾರು ನೋಡಿಕೊಳ್ಳುತ್ತಿದ್ದರು?"

"ದೊಡ್ಡೋನ್ನ ನಮ್ಮತ್ತೆನೇ ಸಾಕಿದ್ದು. ಆಗ ಎಲ್ರೂ ಒಂದೇ ಮನೇಲ್ ಇದ್ವಿ. ಈ ಮನೆ ಸ್ಯಾಂಕ್ಷನ್ ಆಗ್ಬೇಕು ಅಂದ್ರೆ ರೇಷನ್ ಕಾರ್ಡ್ ಬೇರೆ ಆಗ್ಬೇಕು ಅಂದ್ರು. ಮಾಡಿಸ್ಕೊಂಡ್ವಿ. ಮನೆ ಬಂತು, ಅತ್ತೆ ಓದ್ರು." ಅವಳು ನಕ್ಕಳು. "ಓದ್ರು ಅಂದ್ರೆ ಸತ್ತಿಲ್ಲ ಮೇಡಂ! ಊರಲ್ಲೇ ಅವ್ರೆ. 'ಬೇರೆ ಮನೆ ಮಾಡ್ಕೊಂಡ್ ಓದೋಳು ಮಗೀನೂ ಜೊತೇಲೇ ಕಟ್ಕೊಂಡ್ ಓಗು' ಅಂತಾರೆ."

ಬದುವಿನ ಮೇಲೆ ನಿಂತು ನನಗೆ ಹೊಳೆದದ್ದು ಇಷ್ಟು. ಮನೆ ಕೊಟ್ಟವರು ಕೂಸಿನಿಂದ ಅಜ್ಜಿಯನ್ನು ಒಂದು ಕಿಲೋಮೀಟರ್ ದೂರ ಇಟ್ಟರು. ಹೂವಿಗೆ ನೆರವು ಕೊಟ್ಟವರು ತಾಯಿಯನ್ನು ಐದು ಗಂಟೆಗೆ ಎಬ್ಬಿಸಿದರು. ಕೂಸಿನ ಮನೆ ಕಟ್ಟಿಸಿದವರು ಹತ್ತಕ್ಕೆ ಬನ್ನಿ ಎಂದರು. ಮೂರೂ ಒಳ್ಳೆಯ ಕೆಲಸ, ಮೂರೂ ಕಡತಗಳಲ್ಲಿ ಒಂದು ತಪ್ಪಿಲ್ಲ. ನಡುವೆ ಉಳಿದ ಆ ನಾಲ್ಕು ತಾಸನ್ನು ಮಂಡಿನೋವಿನ ಒಬ್ಬ ಹೆಂಗಸು, ಯಾರನ್ನೂ ಕೇಳದೆ, ತುಂಬಿಸಿದ್ದರು. ಇಪ್ಪತ್ತು ವರ್ಷ ತಾವೇ ಹೂವು ಕಿತ್ತವರು. ಅವರಿಗೆ ಸಮಯ ಯಾರೂ ಹೇಳಬೇಕಾಗಿರಲಿಲ್ಲ.

ನನಗೆ ಮಾತ್ರ ಹೇಳಬೇಕಾಯಿತು ನೋಡಿ. ನನ್ನ ಮಗಳು ಎರಡು ವರ್ಷದವಳಿದ್ದಾಗ ನನಗೆ ಬೆಳಗಿನ ಪಾಳಿ ಇತ್ತು. ಯಲಹಂಕ ಉಪನಗರದ ನಮ್ಮ ಪಕ್ಕದ ಮನೆಯ ಪದ್ಮಾ ಆಂಟಿ ಐದೂವರೆಗೆ ಬಾಗಿಲು ತೆಗೆದು, ನಿದ್ದೆಗಣ್ಣಿನಲ್ಲೇ ಕೈ ಚಾಚಿ, ಮಗುವನ್ನು ಇಸಿದುಕೊಂಡು ಬಾಗಿಲು ಹಾಕುತ್ತಿದ್ದರು. ಒಂದೂವರೆ ವರ್ಷ. ಯಾವ ನಿಯಮದಡಿ ಐದೂವರೆಗೆ ಬಾಗಿಲು ತೆಗೆದಿರಿ ಎಂದು ನಾನು ಅವರನ್ನು ಕೇಳಿದವಳಲ್ಲ. ಹನ್ನೊಂದು ಗಂಟೆಗೆ ಬಂದು ಬೀಗದ ಫೋಟೊ ತೆಗೆದವಳು ಅದೇ ನಾನು.

ಸಂಪಾದಕರಿಗೆ ಫೋನ್ ಮಾಡಿ ತಿದ್ದುಪಡಿ ಹಾಕಬೇಕು ಎಂದೆ.

"ಏನಂತ ಹಾಕೋದು? ಬೀಗ ಇರ್ಲಿಲ್ವಾ?"

"ಇತ್ತು."

"ಹಲಗೆ ಮೇಲೆ ಹತ್ತರಿಂದ ನಾಲ್ಕು ಅಂತ ಇರ್ಲಿಲ್ವಾ?"

"ಇತ್ತು."

"ಮತ್ತೆ ತಪ್ಪೇನ್ರೀ?"

ತಪ್ಪು ಯಾವ ಸಾಲಿನಲ್ಲೂ ಇರಲಿಲ್ಲ. ತಿದ್ದುಪಡಿ ಹಾಕಲು ಬಾರದಂಥ ತಪ್ಪು ಮಾಡಿದ್ದು ನನ್ನ ವೃತ್ತಿಯಲ್ಲಿ ಅದೊಂದೇ. ಹೊಸ ವರದಿಯನ್ನೇ ಬರೆಯಬೇಕು. ಆದರೆ ಬರೆದರೆ, ಹಾಜರಿ ಪುಸ್ತಕದಲ್ಲಿ ಒಂದು ಸಮಯ, ನಿಜದಲ್ಲಿ ಇನ್ನೊಂದು ಎಂಬುದೂ ಹೊರಬೀಳುತ್ತದೆ. ಕೂಸಿನ ಮನೆ ಉಳಿದರೂ ಮುನಿಲಕ್ಷ್ಮಮ್ಮನ ಕೆಲಸ ಉಳಿಯುವ ಖಾತ್ರಿ ಇರಲಿಲ್ಲ. ಆ ಸಾಲನ್ನು ಬಿಟ್ಟು ಬರೆಯಲೇ ಎಂದು ಅವರನ್ನೇ ಕೇಳಿದೆ. ಮೂವತ್ತು ವರ್ಷದಲ್ಲಿ ಯಾರಿಗೂ ಅಂಥ ಮಾತು ಆಡಿದವಳಲ್ಲ.

"ಬ್ಯಾಡ. ಇರಾದ್ನೆಲ್ಲ ಬರೀರಿ" ಎಂದರು ಫೋನಿನಲ್ಲಿ. "ಅರ್ದ ಬರ್ದು ಒಂದ್ಕಿತ ನೋಡಿದ್ದಾತಲ್ಲ."

ಇರುವುದನ್ನೆಲ್ಲ ಬರೆದೆ. ಕೂಸಿನ ಮನೆ ಮುಚ್ಚಲಿಲ್ಲ. ಆದರೆ ತಪ್ಪು ಸಮಯದ ಎದುರು ಹಾಜರಿ ಬರೆದದ್ದಕ್ಕೆ ಮುನಿಲಕ್ಷ್ಮಮ್ಮನನ್ನು ಒಂದು ತಿಂಗಳು ಕೆಲಸದಿಂದ ದೂರ ಇಟ್ಟು, ಕೀಲಿಯನ್ನು ಪಂಚಾಯ್ತಿ ತೆಗೆದುಕೊಂಡಿತು. ಬದಲಿಗೆ ಬಂದವರು ಹಲಗೆಯ ಪ್ರಕಾರ ಹತ್ತಕ್ಕೆ ಬಾಗಿಲು ತೆಗೆದು, ನಾಲ್ಕಕ್ಕೆ ಹಾಕಿದರು. ಒಂದು ಕೂಸೂ ಬರಲಿಲ್ಲ.

ಕೂಸುಗಳು ಬೇರೆ ಕಡೆ ಇದ್ದವು. ಕೆಲಸ ಹೋದ ಮರುದಿನ ಬೆಳಗ್ಗೆ ಐದಕ್ಕೆ ಮುನಿಲಕ್ಷ್ಮಮ್ಮ ಅದೇ ಕಟ್ಟಡದ ಜಗುಲಿಯ ಮೇಲೆ ಚಾಪೆ ಹಾಸಿ ಕೂತರು. ಮೂರು ಕಡೆ ಹೂವಿನ ಕ್ರೇಟು ಪೇರಿಸಿ, ಮೇಲೆ ಟಾರ್ಪಾಲು ಕಟ್ಟಿ ಗಾಳಿ ತಡೆದರು. ಪಿಡಿಒ ಬಂದು ಕೇಳಿದಾಗ ನಾನೂ ಅಲ್ಲಿದ್ದೆ.

"ಏನಮ್ಮಾ ಇದು? ನಿಮ್ಮನ್ನ ಕೆಲಸದಿಂದ ತೆಗೆದಿದೆ ಅಲ್ವಾ?"

"ಊಂ ಸಾ. ನಾನ್ ಕೆಲ್ಸ ಮಾಡ್ತಿಲ್ಲ. ಸುಮ್ಕೆ ಕುಂತಿವ್ನಿ."

"ಮತ್ತೆ ಈ ಮಕ್ಕಳು?"

"ಅವೂ ಸುಮ್ಕೆ ಮಲಗವೆ."

ಪಿಡಿಒ ಕೆಟ್ಟ ಮನುಷ್ಯ ಅಲ್ಲ. ನಗು ತಡೆಯಲು ಆಚೆ ತಿರುಗಿದ್ದನ್ನು ನಾನು ನೋಡಿದೆ. "ರೂಲ್ಸಲ್ಲಿ ಇಲ್ಲ ಕಣ್ರೀ, ನನ್ ಕೈಲಿ ಏನಿದೆ" ಎಂದರು ನನ್ನ ಕಡೆ ನೋಡಿ. ಬೇಕಿದ್ದರೆ ಗ್ರಾಮಸಭೆಯಲ್ಲಿ ಇಡಿ, ಠರಾವು ಆದರೆ ತಾಲ್ಲೂಕಿಗೆ ಕಳಿಸುತ್ತೇನೆ ಎಂದರು.

ಆ ತಿಂಗಳೆಲ್ಲ ಮುನಿಲಕ್ಷ್ಮಮ್ಮ ಹಾಗೆ ಸುಮ್ಮನೆ ಕೂತರು. ಒಂದು ದಿನವೂ ಜಗುಲಿ ಖಾಲಿ ಬಿಡಲಿಲ್ಲ. ಎರಡು ದಿನ ಜ್ವರ ಬಂದಾಗ, ನೀವು ನಂಬುತ್ತೀರೋ ಇಲ್ಲವೋ, ಸವಿತಾಳ ಅತ್ತೆ ಬಂದು ಕೂತರು. "ಸೊಸೇಗೋಸ್ಕರ ಅಲ್ಲ, ಮುನಿಲಕ್ಸ್ಮಿ ಮಕ ನೋಡಿ ಬಂದೆ" ಎಂದು ಕೇಳದವರಿಗೂ ಹೇಳಿದರಂತೆ.

ಗ್ರಾಮಸಭೆ ಹೂವಿನ ಕೇಂದ್ರದ ಮುಂದೆ ಸೇರಿತು. ವೇದಿಕೆಯ ಮೇಲೆ ಅಧ್ಯಕ್ಷೆ, ಅವರ ಪಕ್ಕದಲ್ಲಿ, ಕರೆಯದೆಯೇ, ಅವರ ಯಜಮಾನರು. ವಿಷಯ ಬಂದಾಗ ಯಜಮಾನರೇ ಎದ್ದರು: "ಐದು ಗಂಟೆಗೆ ಸರ್ಕಾರಿ ಬಾಗ್ಲು ತೆಗಿಯೋದು ಅಂದ್ರೆ ಏನು? ನಾಳೆ ಬ್ಯಾಂಕೂ ತೆಗೀರಿ ಅಂತೀರಾ?"

ಹಿಂದಿನ ಸಾಲಿನಿಂದ ಸವಿತಾ ಕೇಳಿದಳು: "ಡೈರಿ ಎಷ್ಟೊತ್ಗೆ ತೆಗೀತಾರಣ್ಣ?"

"ಡೈರಿ ಐದೂವರೆಗೆ. ಹಾಲು ಕಾಯಾಕಿಲ್ವಲ್ಲಮ್ಮ."

"ಅಂಗಾರೆ ಎಮ್ಮೆ ಹಾಲಿಗಿರೋ ಮರ್ಯಾದೆ ನಮ್ ಮಕ್ಳಿಗೂ ಕೊಡ್ಸಿ."

ಸಭೆ ಗೊಳ್ಳೆಂದಿತು. ಅಧ್ಯಕ್ಷೆ ಗಂಡನ ತೋಳು ಹಿಡಿದು ಕೂರಿಸಿ, ಮೈಕನ್ನು ತಮ್ಮ ಕಡೆ ಎಳೆದುಕೊಂಡರು. "ಕೈ ಎತ್ರಿ, ಎಣುಸ್ತೀನಿ" ಎಂದರು. ಎಣಿಸಿದರು. ಠರಾವು ಆಯಿತು.

ತಾಲ್ಲೂಕಿನಿಂದ ಉತ್ತರ ಬರಲು ಆರು ವಾರ ಹಿಡಿಯಿತು. ಆ ವೇಳೆಗೆ ಮುನಿಲಕ್ಷ್ಮಮ್ಮ ಮತ್ತೆ ಕೆಲಸಕ್ಕೆ ಸೇರಿದ್ದರು. ಹಾಜರಿ ಪುಸ್ತಕದಲ್ಲಿ ಅಚ್ಚಾದ ಸಮಯಕ್ಕೆ ಅಡ್ಡಗೆರೆ ಎಳೆದು, ಪ್ರತಿದಿನ ಐದರಿಂದ ಒಂಬತ್ತು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕುತ್ತಿದ್ದರು. ಉತ್ತರದಲ್ಲಿ ಒಪ್ಪಿಗೆ ಇತ್ತು, 'ಪ್ರಾಯೋಗಿಕವಾಗಿ ಮೂರು ತಿಂಗಳು'. ಮೂರು ತಿಂಗಳು ಮುಗಿದಾಗ ಅವರು ಇಬ್ಬರು ತಾಯಂದಿರ ಜೊತೆ ಬಸ್ಸಿನಲ್ಲಿ ಯಲಹಂಕದ ತಾಲ್ಲೂಕು ಕಚೇರಿಗೆ ಹೋಗಿ ಇನ್ನೊಂದು ಪತ್ರ ತಂದರು. ಅದರಲ್ಲೂ ಮೂರು ತಿಂಗಳು. ಹೀಗೆ ಏಳು ಪತ್ರ. ನಡುವೆ ಮೂವರು ಅಧಿಕಾರಿಗಳು ಬದಲಾದರು, ನಾನು ನಿವೃತ್ತಳಾದೆ. ಸವಿತಾಳ ಕೂಸು ಮೂರು ದಾಟಿ ಅಂಗನವಾಡಿಗೆ ಸೇರಿತು. ಆದರೂ ಪತ್ರಕ್ಕೆ ಹೋಗುವವರಲ್ಲಿ ಅವಳು ಇದ್ದೇ ಇರುತ್ತಾಳೆ. ಈಗ ನನಗೆ ಬರೆಯಲು ಪತ್ರಿಕೆ ಇಲ್ಲವಾದ್ದರಿಂದ ನಾನೂ ಅವರ ಜೊತೆ ಕಚೇರಿಯ ಬೆಂಚಿನ ಮೇಲೆ ಕೂರುತ್ತೇನೆ. ಅಲ್ಲಿ ಕೂತವರಿಗೆ ಗೋಡೆಯ ಗಡಿಯಾರ ಎಷ್ಟು ನಿಧಾನ ಎಂಬುದು ಮೂವತ್ತು ವರ್ಷ ಆ ಬೆಂಚಿನ ಮುಂದೆ ಓಡಾಡಿದ ನನಗೆ ಗೊತ್ತಿರಲಿಲ್ಲ.

ಏಳನೆಯ ಪತ್ರದ ಅವಧಿ ಈ ವಾರ ಮುಗಿಯುವುದಿತ್ತು. ಸೋಮವಾರ ಹೋದಾಗ ಹೊಸ ಅಧಿಕಾರಿ ಕಡತವನ್ನು ಹಿಂದೆ ಮುಂದೆ ತಿರುಗಿಸಿ, "ಪ್ರಯೋಗ ಅಂದ್ರೆ ಎಷ್ಟು ವರ್ಷ ಮಾಡ್ತೀರ್ರೀ? ಈ ಸಲ ನಾನು ಸೈನ್ ಹಾಕಲ್ಲ. ಮುಚ್ಚಿ, ಇಲ್ಲ ರೂಲ್ಸ್ ಪ್ರಕಾರ ನಡೆಸಿ" ಎಂದರು.

ಸವಿತಾ ನನ್ನ ಮುಖ ನೋಡಿದಳು. ನನ್ನಲ್ಲಿ ವಾದ ಸಿದ್ಧವಿತ್ತು, ಠರಾವಿನ ಜೆರಾಕ್ಸೂ ಇತ್ತು. ಬಾಯಿ ತೆರೆಯುವ ಮುಂಚೆ ಮುನಿಲಕ್ಷ್ಮಮ್ಮ ಮಂಡಿಯ ಮೇಲೆ ಕೈಯೂರಿ ಎದ್ದರು.

"ಸೈನ್ ಬ್ಯಾಡ ಸಾ. ನಾಳೆ ಐದ್ ಗಂಟೆಗೆ ಬನ್ನಿ. ಬಂದು ನೀವೇ ಬಾಗ್ಲು ಆಕ್ಬುಡಿ. ನಾನು ಆಕಾಕಿಲ್ಲ."

ಅಧಿಕಾರಿ ಕಡತವನ್ನು ಮೇಜಿನ ಒಂದು ಬದಿಗೆ ಸರಿಸಿದರು.

ಮಂಗಳವಾರ ಬೆಳಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ ಅವರ ಜೀಪು ಹಳೇ ಶಾಲೆಯ ಹತ್ತಿರ ನಿಂತಿತು. ಹೆಡ್‌ಲೈಟ್ ಆರಿಸಿ ಎಂದು ಮುನಿಲಕ್ಷ್ಮಮ್ಮ ಕೈಸನ್ನೆ ಮಾಡಿದರು, ಚಾಲಕ ಆರಿಸಿದ. ಅಧಿಕಾರಿ ಶೂ ಬಿಚ್ಚಿ ಒಳಗೆ ಹೋದರು. ಹನ್ನೊಂದು ಮಕ್ಕಳಿದ್ದರು. ಆರೂ ಮುಕ್ಕಾಲರವರೆಗೆ ಗೋಡೆಗೊರಗಿ ಕೂತಿದ್ದು, ಹೋಗುವಾಗ ಹಾಜರಿ ಪುಸ್ತಕಕ್ಕೆ ಬಂದ ಸಮಯ, ಹೋದ ಸಮಯ ಬರೆದು ಸಹಿ ಹಾಕಿದರು.

ನಿನ್ನೆ, ಗುರುವಾರ, ಮಧ್ಯಾಹ್ನ ಪಂಚಾಯ್ತಿಗೆ ಪತ್ರ ಬಂತು. ಸಮಯ ಎಂಬ ಸಾಲಿನಲ್ಲಿ ಬೆಳಗ್ಗೆ ಐದರಿಂದ ಒಂಬತ್ತು ಎಂದಿದೆ. ಅವಧಿ ಎಂಬ ಸಾಲಿನಲ್ಲಿ 'ಮುಂದಿನ ಆದೇಶದವರೆಗೆ' ಎಂದಿದೆ.